ಷೋಡಶೋಪಚಾರವೂ ಹದಿನಾರು ಕಂತೂ: ಪೂರ್ವದೇಶೀಯ ಧಾರಾವಾಹಿ ಮೀಮಾಂಸೆ

ಪ್ರಸ್ತಾವನೆ

ವಿದ್ವಾಂಸರು ಕೈಹಾಕಲು ನಾಚುವ ವಿಷಯವೊಂದನ್ನು ಎತ್ತಿಕೊಳ್ಳುವಾಗ ಸಂಶೋಧಕನಾದವನು ಮೊದಲು ವಿನಯ ತೋರಿಸಬೇಕು. ತೋರಿಸಿದ್ದಾಯಿತು. ಇನ್ನು ವಿಷಯಕ್ಕೆ ಬರೋಣ.

ಕೊರಿಯಾದ ಧಾರಾವಾಹಿ ಸಾಮಾನ್ಯವಾಗಿ ಹದಿನಾರು ಕಂತಿಗೆ ಮುಗಿಯುತ್ತದೆ. ಏಕೆ ಹದಿನಾರು? ಹದಿನೈದಾಗಿದ್ದರೆ ಯಾರ ಗಂಟು ಹೋಗುತ್ತಿತ್ತು? ವಾರಕ್ಕೆರಡು ಕಂತು, ಎಂಟು ವಾರ, ಎರಡು ತಿಂಗಳ ವ್ಯವಹಾರ ಎಂದು ಲೌಕಿಕರು ಲೆಕ್ಕ ಒಪ್ಪಿಸುತ್ತಾರೆ. ಇದು ಸ್ಥೂಲದೃಷ್ಟಿ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಹೀಗಿದೆ: ದೇವರ ಪೂಜೆಗೆ ಉಪಚಾರಗಳು ಹದಿನಾರು, ಆದ್ದರಿಂದ ಕಂತುಗಳೂ ಹದಿನಾರು. ಕೊರಿಯಾದ ಧಾರಾವಾಹಿ ಕಥೆಯಲ್ಲ, ಪೂಜಾವಿಧಿ. ಚೀನಾದ್ದು 2020ರ ಮೊದಲು ಎಪ್ಪತ್ತು ಎಂಬತ್ತು ಕಂತಿಗೂ ಹೋಗುತ್ತಿತ್ತು. ಅದು ಪೂಜೆಯಲ್ಲ, ಸತ್ರಯಾಗ. ಅದಕ್ಕೆ ಕೂರುವವರು ಮನೆಯವರಿಗೆ ಮೊದಲೇ ಹೇಳಿ ಕೂರಬೇಕು.

ಸಂಶೋಧನಾ ವಿಧಾನ

ಕ್ಷೇತ್ರಕಾರ್ಯ ನಡೆದದ್ದು ನಡುಮನೆಯ ಸೋಫಾದ ಎಡತುದಿಯಲ್ಲಿ. ಉಪಕರಣಗಳು: ರಿಮೋಟು, ಚಾದರ, ಚುರುಮುರಿ ಡಬ್ಬಿ. ಕಾಲ: ರಾತ್ರಿ ಊಟವಾದ ಮೇಲಿಂದ ಹಾಲಿನವನು ಬರುವವರೆಗೆ. ಸಂಶೋಧಕ ಉದ್ದಕ್ಕೂ ವಸ್ತುನಿಷ್ಠನಾಗಿದ್ದ. ಅಲ್ಲಲ್ಲಿ ಕಣ್ಣಲ್ಲಿ ನೀರು ಕಾಣಿಸಿಕೊಂಡದ್ದು ನಿಜ. ಅದು ಚುರುಮುರಿಗೆ ಹೆಚ್ಚಿದ ಈರುಳ್ಳಿಯ ಪರಿಣಾಮವೆಂದು ದಾಖಲಿಸಲಾಗಿದೆ.

ಸೋಫಾದ ಬಲತುದಿಯಲ್ಲಿ ಒಬ್ಬರು ಪೂರ್ವಪಕ್ಷಿ ಕೂತಿದ್ದರು. ಶಾಸ್ತ್ರದಲ್ಲಿ ಪೂರ್ವಪಕ್ಷಿ ಎಂದರೆ ಸಿದ್ಧಾಂತಕ್ಕೆ ಮೊದಲೇ ಆಕ್ಷೇಪ ಎತ್ತುವವರು. ಇವರು ಗದಗ ಕಡೆಯವರು, ಸಬ್‌ಟೈಟಲ್ ಓದುವವರಲ್ಲ, ಹತ್ತಿ ಹಿಂಜಿ ದೇವರ ಬತ್ತಿ ಹೊಸೆಯುತ್ತಾ ಕಣ್ಣಂಚಿನಲ್ಲಿ ಟೀವಿ ನೋಡುವವರು. ಸಂಶೋಧಕನಿಗೆ ಇವರು ಜನ್ಮತಃ ಪರಿಚಿತರು.

ಭಾಷಾಶಾಸ್ತ್ರೀಯ ಪೀಠಿಕೆ

ಪೂರ್ವಪಕ್ಷಿಯ ಮೊದಲ ಆಕ್ಷೇಪವೇ ಒಂದು ಸಂಶೋಧನೆಯಾಗಿತ್ತು. "ಅಕಿ ಈಗ 'ಅಪ್ಪಾ' ಅಂದಳಲ್ಲೋ. ಕನ್ನಡಾನ ಮಾತಾಡಾಕತ್ತಾರ, ನೀ ಯಾಕ ಕೆಳಗ ಓದಾಕತ್ತೀ?"

ಕೊರಿಯನ್ನಿನಲ್ಲಿ ತಂದೆ 'ಅಪ್ಪ', ತಾಯಿ 'ಒಮ್ಮ'. ನಾನು ಎಂಬುದಕ್ಕೆ 'ನಾ', ನೀನು ಎಂಬುದಕ್ಕೆ ಆಡುಮಾತಿನಲ್ಲಿ 'ನೀ'. ಕ್ರಿಯಾಪದ ನಮ್ಮದರಂತೆಯೇ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ಸಿಯೋಲ್‌ನಲ್ಲಿದ್ದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 1905ರಲ್ಲಿ ಕೊರಿಯನ್ ಭಾಷೆಯನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ವ್ಯಾಕರಣವನ್ನೇ ಅಚ್ಚುಹಾಕಿಸಿದ. ಇಂದಿನ ಭಾಷಾವಿಜ್ಞಾನಿಗಳು ಇದನ್ನೆಲ್ಲ ಕಾಕತಾಳೀಯವೆಂದು ಬದಿಗಿಡುತ್ತಾರೆ. ಅವರಾರೂ ಪೂರ್ವಪಕ್ಷಿಯ ಪಕ್ಕ ಕೂತು ಧಾರಾವಾಹಿ ನೋಡಿದವರಲ್ಲ.

'ಒಪ್ಪ' ಎಂಬ ಪದದಲ್ಲಿ ಮಾತ್ರ ಎಚ್ಚರ ಬೇಕು. ಹೆಣ್ಣುಮಗಳು ಅಣ್ಣನನ್ನು ಕರೆಯುವ ಪದವಿದು. ಪ್ರಿಯಕರನನ್ನೂ ಹೀಗೇ ಕರೆಯುತ್ತಾಳೆ. 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಂದೇ ಏಟಿಗೆ 26 ಕೊರಿಯನ್ ಮೂಲದ ಪದಗಳನ್ನು ಸೇರಿಸಿಕೊಂಡಾಗ ಒಪ್ಪವೂ ಒಳಹೊಕ್ಕಿತು. ನಮ್ಮ ಶಾಸನಗಳಲ್ಲಿ ಒಪ್ಪವೆಂದರೆ ರುಜು. ಅರ್ಥದಲ್ಲಿ ದೂರವೇನಿಲ್ಲ: ಹುಡುಗಿ ಬಾಯಿಬಿಟ್ಟು 'ಒಪ್ಪ' ಎಂದಳೆಂದರೆ ಪತ್ರಕ್ಕೆ ಸಹಿ ಬಿತ್ತೆಂದೇ ಲೆಕ್ಕ. ಮುಂದಿನದೆಲ್ಲ ಬರೀ ನೋಂದಣಿ.

ಪ್ರಥಮಾಧಿಕರಣ: ಉಪಚಾರ ವಿಚಾರ

ಉಪಚಾರಗಳ ಪಟ್ಟಿಯಲ್ಲಿ ಊರಿಗೊಂದು ಪಾಠಭೇದವಿದೆ. ಇಲ್ಲಿ ನಮ್ಮ ಮನೆಯ ಪಾಠವನ್ನು ಅನುಸರಿಸಲಾಗಿದೆ.

ಮೊದಲನೆಯದು ಆವಾಹನೆ, ಎಂದರೆ ದೇವತೆಯನ್ನು ಮೇಲಿಂದ ಮಂಟಪಕ್ಕೆ ಇಳಿಸಿಕೊಳ್ಳುವುದು. 2019ರ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ' ಇದನ್ನು ಅಕ್ಷರಶಃ ಪಾಲಿಸಿತು. ಸಿಯೋಲ್‌ನ ಸಾಹುಕಾರರ ಮಗಳು ಪ್ಯಾರಾಗ್ಲೈಡಿಂಗ್ ಮಾಡಲು ಹೋಗಿ, ಸುಂಟರಗಾಳಿಗೆ ಸಿಕ್ಕಿ, ಗಡಿ ದಾಟಿ, ಉತ್ತರ ಕೊರಿಯಾದ ಮರವೊಂದಕ್ಕೆ ಜೋತುಬಿದ್ದು, ಅಲ್ಲಿಂದ ನೇರ ಕ್ಯಾಪ್ಟನ್ ಒಬ್ಬನ ಮೈಮೇಲೆ ಬೀಳುತ್ತಾಳೆ. ಆವಾಹನೆ ಎಷ್ಟು ಶಾಸ್ತ್ರೋಕ್ತವಾಗಿತ್ತೆಂದರೆ ನಟ ಹ್ಯುನ್ ಬಿನ್ ಮತ್ತು ನಟಿ ಸೋನ್ ಯೆ-ಜಿನ್ 2022ರಲ್ಲಿ ನಿಜವಾಗಿಯೇ ಮದುವೆಯಾದರು.

ಆಸನವೆಂದರೆ ನಾಯಕನ ಬೆನ್ನು. ಕುಡಿದು ಕಾಲು ಸೋತ ನಾಯಕಿಯನ್ನು ಅವನು ಹೊತ್ತು ನಡೆಯುತ್ತಾನೆ. ಹಿಮ್ಮಡಿಯ ಚಪ್ಪಲಿ ಮುರಿದಾಗ ಅಥವಾ ಶೂ ದಾರ ಬಿಚ್ಚಿದಾಗ ಮಂಡಿಯೂರುವುದು ಪಾದ್ಯ. ಅರ್ಘ್ಯ ಕೊಡುವವಳು ನಾಯಕನ ತಾಯಿ: ಕಾಫಿ ಅಂಗಡಿಗೆ ಹುಡುಗಿಯನ್ನು ಕರೆಸಿ, ದುಡ್ಡಿನ ಲಕೋಟೆ ಮುಂದಕ್ಕೆ ತಳ್ಳಿ, ಅದನ್ನು ಮುಟ್ಟದಿದ್ದರೆ ಲೋಟದ ನೀರನ್ನು ಮುಖಕ್ಕೆ ಸಮರ್ಪಿಸುತ್ತಾಳೆ. ಆಚಮನಕ್ಕೆ ಸೋಜು. ಪುಟ್ಟ ಗಾಜಿನ ಲೋಟ. ಹಿರಿಯರೆದುರು ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು, ಮರ್ಯಾದೆ. ಸ್ನಾನಕ್ಕೆ ಮಳೆ. ಇಬ್ಬರಿಗೆ ಒಂದೇ ಕೊಡೆ ಇರಬೇಕು ಮತ್ತು ಒಬ್ಬರ ಒಂದು ಭುಜ ಕಡ್ಡಾಯವಾಗಿ ನೆನೆಯಬೇಕು. ವಸ್ತ್ರವೆಂದರೆ ಅವನ ಕೋಟು ಅವಳ ಹೆಗಲಿಗೆ. ಅದೇ ಮಳೆಯಲ್ಲಿ ನೆಂದವರಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಮೈಮೇಲೆ ಇಳಿಬೀಳುವ ಸಲೈನ್ ನಳಿಗೆಯೇ ಉಪವೀತ.

ಗಂಧದ ಮೇಲೆ ಸ್ವಲ್ಪ ನಿಲ್ಲಬೇಕು. ತಾನು ಸವೆದು ಇನ್ನೊಬ್ಬರ ಹಣೆಯಲ್ಲಿ ಪರಿಮಳಿಸುವುದು ಗಂಧದ ಧರ್ಮ. ಕೊರಿಯಾದ ಎರಡನೇ ನಾಯಕನ ಧರ್ಮವೂ ಅದೇ. ಮೊದಲು ಪ್ರೀತಿಸಿದವನು ಅವನು, ಹೇಳಲಾಗದೆ ಉಳಿದವನೂ ಅವನು. 2015ರ 'ರಿಪ್ಲೈ 1988'ರಲ್ಲಿ ದೊಕ್-ಸುನ್‌ಳ ಗಂಡ ಯಾರೆಂಬ ಗುಟ್ಟನ್ನು ಕೊನೆಯವರೆಗೂ ಎಳೆದು, ಚದುರಂಗದಂಥ 'ಗೋ' ಆಟದ ಹುಡುಗ ತೇಕ್‌ನ ಕೊರಳಿಗೆ ಹಾರ ಹಾಕಿದರು. ಮೇಲ್ಮನೆಯ ಜಂಗ್-ಹ್ವಾನ್ ಪರ ನಿಂತಿದ್ದವರಿಗೆ ಇನ್ನೂ ಸಮಾಧಾನವಾಗಿಲ್ಲ. ಸಂಶೋಧಕ ವಸ್ತುನಿಷ್ಠ, ಆದರೂ ಜಂಗ್-ಹ್ವಾನ್‌ಗೆ ಅನ್ಯಾಯವಾಯಿತೆಂಬುದು ಅವನ ವಸ್ತುನಿಷ್ಠ ಅಭಿಪ್ರಾಯ.

ಪುಷ್ಪಕ್ಕೆ ಚೆರಿ ಹೂವಿನ ಎಸಳು, ಧೂಪಕ್ಕೆ ಮೇಜಿನ ಮೇಲೇ ಸುಡುವ ಹಂದಿಮಾಂಸದ ಹೊಗೆ. ದೀಪದಲ್ಲಿ ಮಾತ್ರ ಸಂಪ್ರದಾಯ ತಿರುಗುಮುರುಗಾಗಿದೆ. 2016ರ 'ಗಾಬ್ಲಿನ್'ನಲ್ಲಿ ಎದೆಗೆ ಖಡ್ಗ ನೆಟ್ಟುಕೊಂಡು 939 ವರ್ಷದಿಂದ ಬದುಕಿರುವ ಯಕ್ಷನೊಬ್ಬನಿದ್ದಾನೆ. ನಾವು ದೀಪ ಹಚ್ಚಿದರೆ ದೇವರು ಬರುತ್ತಾನೆ. ಅಲ್ಲಿ ಹುಡುಗಿ ಮೇಣದಬತ್ತಿ ಊದಿ ಆರಿಸಿದರೆ ಅವನು ಪ್ರತ್ಯಕ್ಷ. ಪೂರ್ವಪಕ್ಷಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ದೀಪ ಊದಬಾರದು. ಯಾರೂ ಹೇಳವ್ರಿಲ್ಲೇನ್ ಅಕಿಗೆ?"

ನೈವೇದ್ಯವೆಂದರೆ ಕರಿದ ಕೋಳಿ. 2013ರಲ್ಲಿ ಶುರುವಾದ 'ಮೈ ಲವ್ ಫ್ರಮ್ ದಿ ಸ್ಟಾರ್'ನ ನಾಯಕಿ ಮೊದಲ ಹಿಮ ಬಿದ್ದಾಗ ಕರಿದ ಕೋಳಿ, ಬಿಯರು ಬೇಕೆಂದದ್ದೇ ತಡ, ಚೀನಾದ ಊರೂರುಗಳಲ್ಲಿ ಜನ ಕೋಳಿ ಅಂಗಡಿ ಮುಂದೆ ಸಾಲು ನಿಂತರು. ಆ ಧಾರಾವಾಹಿಗೆ ಕಂತುಗಳು 21 ಎಂದು ಯಾರಾದರೂ ನಮ್ಮ ಸಿದ್ಧಾಂತಕ್ಕೆ ಅಡ್ಡಗಾಲು ಹಾಕಬಹುದು. ಉತ್ತರ ಸುಲಭ: ಉಪಚಾರ ಹದಿನಾರು, ಪಂಚಾಮೃತ ಐದು. ನೈವೇದ್ಯದ ಜೊತೆಗೇ ಸೇವಾಕರ್ತರ ಹೆಸರೂ ಬರಬೇಕಷ್ಟೆ. 2010ರಲ್ಲಿ ಕೊರಿಯಾ ಸರ್ಕಾರ ಕಥೆಯೊಳಗೇ ಸರಕು ತೋರಿಸುವುದನ್ನು ಕಾನೂನುಬದ್ಧಗೊಳಿಸಿದ ಮೇಲೆ ದುಃಖದಲ್ಲಿದ್ದವರೂ ಸ್ಯಾಂಡ್‌ವಿಚ್ಚಿನ ಹೊದಿಕೆಯನ್ನು ಕ್ಯಾಮೆರಾ ಕಡೆ ತಿರುಗಿಸಿಯೇ ತಿನ್ನುತ್ತಾರೆ. 2016ರ 'ಡಿಸೆಂಡೆಂಟ್ಸ್ ಆಫ್ ದ ಸನ್'ನಲ್ಲಿ ಸೈನಿಕನೊಬ್ಬ ಕಾರು ತಾನೇ ಓಡಿಕೊಳ್ಳಲೆಂದು ಗುಂಡಿ ಒತ್ತಿ ಪಕ್ಕದವಳಿಗೆ ಮುತ್ತಿಟ್ಟ. ಪ್ರೇಮ ದೊಡ್ಡದೋ ಗುಂಡಿ ದೊಡ್ಡದೋ ಎಂಬ ಪ್ರಶ್ನೆಗೆ ನಿರ್ದೇಶಕರು ಗುಂಡಿಯನ್ನು ಹತ್ತಿರದಿಂದ ತೋರಿಸಿ ಉತ್ತರ ಕೊಟ್ಟರು.

ತಾಂಬೂಲವೆಂದರೆ ಮುತ್ತು, ಕೆಂಪಾಗುವುದು ತುಟಿ ಮಾತ್ರ. ನಾಯಕಿಯ ಕಣ್ಣು ಮೀನಿನ ಕಣ್ಣಿನಂತೆ ತೆರೆದೇ ಇರುತ್ತದೆ. ಅದೇ ಹೊತ್ತಿಗೆ ಕ್ಯಾಮೆರಾ ಇಬ್ಬರ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಹದಿನಾರನೆಯದಾದ ವಿಸರ್ಜನೆಯನ್ನು ಉಪಸಂಹಾರಕ್ಕೆ ಇಟ್ಟುಕೊಳ್ಳಲಾಗಿದೆ.

ದ್ವಿತೀಯಾಧಿಕರಣ: ಮರೆವು ಮತ್ತು ಮಚ್ಚೆ

ಮರೆವು ಕಥೆಯ ದೌರ್ಬಲ್ಯವೆಂದು ಅರಸಿಕರು ಹೀಯಾಳಿಸುತ್ತಾರೆ. ಕಾಳಿದಾಸನ ದುಷ್ಯಂತ ಮರೆತರೆ ಅದು ನಾಟಕ, ಕೊರಿಯಾದವನು ಮರೆತರೆ ಅಪಹಾಸ್ಯವೇ? ವ್ಯತ್ಯಾಸ ಇಷ್ಟೇ: ಅಲ್ಲಿ ದುರ್ವಾಸನ ಶಾಪ, ಇಲ್ಲಿ ರಸ್ತೆ ಅಪಘಾತ. 2002ರ 'ವಿಂಟರ್ ಸೊನಾಟಾ'ದಲ್ಲಿ ಅಪಘಾತವೊಂದರಲ್ಲಿ ನೆನಪು ಕಳೆದುಕೊಂಡವನು ಹತ್ತು ವರ್ಷದ ಬಳಿಕ ಬೇರೆ ಹೆಸರಿನಲ್ಲಿ ಹಿಂದಿರುಗುತ್ತಾನೆ. ಇನ್ನೊಂದು ಅಪಘಾತದಿಂದ ನೆನಪು ಮರಳುತ್ತದೆ. ಅಭಿಜ್ಞಾನಕ್ಕೆ ಉಂಗುರ ಬೇಕಿಲ್ಲ, ವಾಹನ ಸಾಕು. ಮುಂದಿನ ವರ್ಷ ಜಪಾನಿನ ಎನ್‌ಎಚ್‌ಕೆ ಅದನ್ನು ಪ್ರಸಾರ ಮಾಡಿದಾಗ ಅಲ್ಲಿನ ನಡುವಯಸ್ಸಿನ ಗೃಹಿಣಿಯರು ನಾಯಕ ಬೇ ಯೋಂಗ್-ಜುನ್‌ಗೆ 'ಯೋನ್-ಸಾಮಾ' ಎಂಬ ಬಿರುದು ಕೊಟ್ಟು, ಚಿತ್ರೀಕರಣ ನಡೆದ ನಾಮಿ ದ್ವೀಪವನ್ನು ಯಾತ್ರಾಸ್ಥಳ ಮಾಡಿಬಿಟ್ಟರು.

ಇದಕ್ಕಿಂತ ಗಹನವಾದದ್ದು ಮಚ್ಚೆಯ ಸಮಸ್ಯೆ. ಕೊರಿಯನ್ನರು ತರ್ಕ ಮೀರಿದ ಕಥೆಗಳಿಗೆ 'ಮಕ್ಜಾಂಗ್' ಎನ್ನುತ್ತಾರೆ. 2008ರಲ್ಲಿ ಆರಂಭವಾದ 'ಟೆಂಪ್ಟೇಷನ್ ಆಫ್ ವೈಫ್' ಅದರ ಶಿಖರ: ಷೋಡಶೋಪಚಾರ ಮೀರಿದ 129 ಕಂತು. ಗಂಡನಿಂದಲೇ ಸಮುದ್ರದ ಪಾಲಾದ ಹೆಂಡತಿ ಬದುಕುಳಿದು, ಕಣ್ಣ ಕೆಳಗೊಂದು ಮಚ್ಚೆ ಬರೆದುಕೊಂಡು, ಬೇರೆ ಹೆಂಗಸಾಗಿ ಬಂದು ಅದೇ ಗಂಡನನ್ನು ಮೋಹಿಸುತ್ತಾಳೆ. ಅವನಿಗೆ ಗುರುತೇ ಸಿಗುವುದಿಲ್ಲ. ಒಂದು ಚುಕ್ಕೆಯಿಂದ ಮುಖವೇ ಬದಲಾಗುವುದು ಹೇಗೆಂದು ಸಂಶೋಧಕ ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡಿದ್ದ. ಪೂರ್ವಪಕ್ಷಿ ಬತ್ತಿಯಿಂದ ಕಣ್ಣೆತ್ತದೆ ಹೇಳಿದರು: "ಮಚ್ಚಿದೇನ್ ತಪ್ಪೈತಿ? ಅಂವ ಮೊದಲೂ ಅಕಿ ಮಾರಿ ನೆಟ್ಟಗ ನೋಡಿರಂಗಿಲ್ಲ ಬಿಡು." ನಾಲ್ಕು ಪುಟವನ್ನೂ ಹರಿದು ಹಾಕಲಾಯಿತು.

ತೃತೀಯಾಧಿಕರಣ: ಸತ್ರಯಾಗ

ಈಗ ಚೀನಾ. ಝೆಜಿಯಾಂಗ್ ಪ್ರಾಂತದ ಹೆಂಗ್‌ದ್ಯಾನ್ ಎಂಬಲ್ಲಿ ಬೀಜಿಂಗಿನ ಅರಮನೆಯ ಪ್ರತಿಕೃತಿಯನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಒಬ್ಬ ಚಕ್ರವರ್ತಿ, ಎಂಟು ದರ್ಜೆಯ ರಾಣಿಯರು, ದರ್ಜೆ ಏರಲು ಜೀವನವಿಡೀ ಹೋರಾಟ. ಸರ್ಕಾರಿ ನೌಕರರಾದ ವಾಚಕರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಇತಿಹಾಸದ ಸತ್ಯವೇನೆಂಬ ಪ್ರಶ್ನೆಯನ್ನು 2018 ಬಗೆಹರಿಸಿತು. ಆ ಒಂದೇ ವರ್ಷ ಚಿಯಾನ್‌ಲಾಂಗ್ ಚಕ್ರವರ್ತಿಯ ಅಂತಃಪುರದ ಮೇಲೆ ಎರಡು ಧಾರಾವಾಹಿ ಬಂದವು. 70 ಕಂತಿನ 'ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್'ನಲ್ಲಿ ವೇಯ್ ಮನೆತನದ ರಾಣಿ ನಾಯಕಿ, ನಾರಾ ಮನೆತನದ ರಾಣಿ ಖಳನಾಯಕಿ. 87 ಕಂತಿನ 'ರೂಯೀಸ್ ರಾಯಲ್ ಲವ್ ಇನ್ ದ ಪ್ಯಾಲೇಸ್'ನಲ್ಲಿ ನಾರಾ ರಾಣಿ ನಾಯಕಿ, ವೇಯ್ ರಾಣಿ ಖಳನಾಯಕಿ. ಎರಡನ್ನೂ ನೋಡಿದವನಿಗೆ ಎಲ್ಲ ಅತ್ತೆಸೊಸೆಯರ ವ್ಯಾಜ್ಯಗಳಲ್ಲೂ ತಟಸ್ಥನಾಗಿ ಉಳಿಯುವ ಯೋಗ್ಯತೆ ಬರುತ್ತದೆ.

ದ್ರವ್ಯಗುಣದ ದೃಷ್ಟಿಯಿಂದ ಪ್ರಮಾಣಗ್ರಂಥವೆಂದರೆ 2011ರ 'ಎಂಪ್ರೆಸಸ್ ಇನ್ ದ ಪ್ಯಾಲೇಸ್', 76 ಕಂತು. ಅಲ್ಲಿ ಗರ್ಭ ನಿಲ್ಲದಂತೆ ಮಾಡುವ ಮುಖ್ಯ ಆಯುಧ ಕಸ್ತೂರಿ. ಚಕ್ರವರ್ತಿಯೇ ತನ್ನ ಮೆಚ್ಚಿನ ರಾಣಿಗೆ ಕೊಡಿಸುವ ಸುಗಂಧದಲ್ಲಿ ಕಸ್ತೂರಿ ಬೆರೆಸಿರುತ್ತಾನೆ, ಅವಳಿಗೆ ಮಕ್ಕಳಾಗದಿರಲೆಂದು. ನಾವೋ ಮಕ್ಕಳಿಗೆ ಕಸ್ತೂರಿ ಮಾತ್ರೆ ತೇಯ್ದು ಕುಡಿಸಿ, ಭಾಷೆಗೂ ಕಸ್ತೂರಿಯ ಹೆಸರನ್ನೇ ಇಟ್ಟವರು. ಎರಡನೇ ಆಯುಧ 'ಹೊಂಗ್‌ಹ್ವಾ'. ಸಂಶೋಧಕ ನಿಘಂಟು ತಡಕಿ ನೋಡಿದರೆ ಅದು ನಮ್ಮ ಕುಸುಬೆಯ ಹೂವು! ಗಾಬರಿಯಿಂದ ಪೂರ್ವಪಕ್ಷಿಗೆ ತಿಳಿಸಲಾಯಿತು. "ನಮ್ಮವ್ವ ದಿನಾ ಕುಸುಬಿ ಎಣ್ಣ್ಯಾಗ ಒಗ್ಗರಣಿ ಹಾಕಿ ಎಂಟು ಹಡದಾಳ. ಆ ರಾಣಿಗೋಳಿಗೆ ರೊಟ್ಟಿ ಬಡದು ಗೊತ್ತಿಲ್ಲ, ಅದಕ್ಕ ಹಂಗಾಗೇತಿ." ಎಣ್ಣೆ ಬೀಜದ್ದು, ಕಷಾಯ ಎಸಳಿನದು ಎಂಬ ಸೂಕ್ಷ್ಮವನ್ನು ಹೇಳುವಷ್ಟರಲ್ಲಿ ಇನ್ನೊಬ್ಬಳು ರಾಣಿ ಕುಸಿದಿದ್ದಳು.

ದೇವಲೋಕದ ಕಥೆಗಳಲ್ಲಿ ಕಾಲಮಾನವೇ ಬೇರೆ. 2017ರ 'ಎಟರ್ನಲ್ ಲವ್'ನ ನಾಯಕಿಗೆ 1,40,000 ವರ್ಷ, ನಾಯಕನಿಗೆ 50,000. ಪೂರ್ವಪಕ್ಷಿ ವಧು ತೊಂಬತ್ತು ಸಾವಿರ ವರ್ಷ ದೊಡ್ಡವಳೆಂದು ಸಂಬಂಧವನ್ನು ನಿರಾಕರಿಸಿದರು.

ಇನ್ನು ಕಂದಕ. ಚೀನಾದಲ್ಲಿ ಬೆಟ್ಟದ ತುದಿಯಿಂದ ಬಿದ್ದವರು ಸಾಯುವುದಿಲ್ಲ, ಸತ್ತರೂ ಸತ್ತೇ ಉಳಿಯುವುದಿಲ್ಲ. ಎಷ್ಟು ವರ್ಷಕ್ಕೆ ಮರಳುತ್ತಾರೆ? ಜಿನ್ ಯಾಂಗ್ ಬರೆದು ಮತ್ತೆ ಮತ್ತೆ ಟೀವಿಗೆ ಬಂದಿರುವ ಕಾಂಡೋರ್ ವೀರರ ಕಥೆಯಲ್ಲಿ ಕಂದಕಕ್ಕೆ ಹಾರಿದವಳಿಗಾಗಿ ಯಾಂಗ್ ಗೂವೊ ಕಾಯುವುದು ಹದಿನಾರು ವರ್ಷ. 2019ರ 'ದಿ ಅನ್‌ಟೇಮ್ಡ್'ನಲ್ಲಿ ಕಂದಕಕ್ಕೆ ಬಿದ್ದ ವೇಯ್ ವೂಶ್ಯಾನ್ ಎದ್ದುಬರುವುದೂ ಹದಿನಾರು ವರ್ಷಕ್ಕೆ. ಇದರಿಂದ ಹದಿನಾರರ ಮಹಿಮೆ ಹಳದಿ ಸಮುದ್ರದ ಎರಡೂ ದಂಡೆಯಲ್ಲಿ ಸಿದ್ಧವಾಯಿತು. ಚೀನಾ ಸರ್ಕಾರಕ್ಕೂ ಇದರ ಹೊಳಹು ಸಿಕ್ಕಂತಿದೆ: 2020ರಲ್ಲಿ ಕಂತುಗಳು ನಲವತ್ತು ದಾಟಬಾರದು, ಮೂವತ್ತರೊಳಗಿದ್ದರೆ ಒಳ್ಳೆಯದೆಂದು ಸೂಚನೆ ಹೊರಡಿಸಿತು. ಅವರು ಹದಿನಾರರ ಕಡೆ ನಿಧಾನವಾಗಿ ಹೆಜ್ಜೆ ಇಟ್ಟರು.

ಉಪಸಂಹಾರ

ಕೊನೆಯ ಆಕ್ಷೇಪ ಸಂಶೋಧಕನದೇ. ಡಿಕ್ಕಿ ಆದ ಕೂಡಲೇ ಮದುವೆ ಗೊತ್ತು, ಕೆಮ್ಮಿದ ಕೂಡಲೇ ಕಾಯಿಲೆ ಗೊತ್ತು, ಕಂದಕದಂಚಿಗೆ ಬಂದವನು ಬೀಳುವುದು ಗೊತ್ತು. ಎಲ್ಲ ಗೊತ್ತಿದ್ದೂ ಮನುಷ್ಯರು ಯಾಕೆ ನೋಡುತ್ತಾರೆ? ಇದು ಪ್ರಬಂಧದ ಬುಡಕ್ಕೇ ಬೀಳುವ ಕೊಡಲಿ. ಹದಿನಾರನೇ ಕಂತು ಮುಗಿದ ರಾತ್ರಿ ಪ್ರಶ್ನೆಯನ್ನು ಪೂರ್ವಪಕ್ಷಿಯ ಮುಂದಿಡಲಾಯಿತು.

ಅವರು ಹೊಸೆದ ಬತ್ತಿಗಳನ್ನು ಜೋಡಿಸಿ ಡಬ್ಬಿಗೆ ಹಾಕುತ್ತಿದ್ದರು. "ದಿನಾ ಸಂಜಿಕ ದೀಪ ಹಚ್ಚತೀನಿ. ಹಚ್ಚಿದ ಮ್ಯಾಲ ಬೆಳಕಾಗತೈತಿ ಅಂತ ನನಗ ಗೊತ್ತಿಲ್ಲೇನು?"

ಸಿದ್ಧಾಂತ ಮುಗಿಯಿತು. ಉಳಿದದ್ದು ವಿಸರ್ಜನೆ. ದೇವರನ್ನು ಕಳಿಸಿಕೊಡುವಾಗ ಮತ್ತೆ ಬಾ ಎಂದು ಬೇಡಿಕೊಂಡೇ ಅಕ್ಷತೆ ಹಾಕುವುದು ಪದ್ಧತಿ. ತೆರೆಯ ಮೇಲೆ ಹೆಸರುಗಳು ಉರುಳಿ ಹೋದವು. ಕೆಳಗೆ ಮೂಲೆಯಲ್ಲಿ ಇನ್ನೊಂದು ಧಾರಾವಾಹಿಯ ಮೊದಲ ಕಂತು, ಇನ್ನೊಬ್ಬ ಹುಡುಗಿ, ಇನ್ನೊಂದು ಮಳೆ. ಸಂಶೋಧಕ ಕಣ್ಣೊರೆಸಿಕೊಂಡ. ಅಂದು ಮನೆಯಲ್ಲಿ ಈರುಳ್ಳಿ ಇರಲಿಲ್ಲ ಎಂಬುದನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ಇಲ್ಲಿ ದಾಖಲಿಸಬೇಕು.

"ಹಚ್ಚು, ಇನ್ನೊಂದು ಹಚ್ಚು," ಎಂದರು ಪೂರ್ವಪಕ್ಷಿ.

ಗದಗ ಕಡೆಯ ಕನ್ನಡದಲ್ಲಿ ದೀಪಕ್ಕೂ ಟೀವಿಗೂ ಕ್ರಿಯಾಪದ ಒಂದೇ.