ಯಕೃತ್ತಿನ ಪದಚ್ಯುತಿ ಅಥವಾ ವಿಶೇಷಣವಿಜಯ

ಶಬ್ದಗಳ ಕುಲಗೋತ್ರಗಳನ್ನು ಶೋಧಿಸಲು ಹೊರಟ ವಿದ್ವಾಂಸರು ಆತ್ಮ, ಧರ್ಮ, ಪ್ರೇಮ ಮೊದಲಾದ ಉನ್ನತ ಪದಗಳನ್ನೇ ಆರಿಸಿಕೊಳ್ಳುವರಲ್ಲದೆ, ಮನುಷ್ಯನ ಬಲಪಾರ್ಶ್ವದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಹಗಲಿರುಳೂ ಪಿತ್ತವನ್ನು ಸ್ರವಿಸುತ್ತ ಕುಳಿತಿರುವ ಯಕೃತ್ತಿನ ಕಡೆಗೆ ಕಣ್ಣೆತ್ತಿಯೂ ನೋಡರು. ಈ ಮಹಾಲೋಪವನ್ನು ಪರಿಹರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶವು. ನಾವು ಶಾಕಾಹಾರಿಗಳಾದುದರಿಂದ ವಿಷಯದ ಬಗ್ಗೆ ನಮಗೆ ರುಚಿಜನ್ಯವಾದ ಯಾವ ಪಕ್ಷಪಾತವೂ ಇಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಲ್ಯಾಟಿನ್ ಭಾಷೆಯಲ್ಲಿ ಈ ಅವಯವಕ್ಕೆ ‘ಯೆಕುರ್’ ಎಂದು ಹೆಸರು. ಇದು ನಮ್ಮ ‘ಯಕೃತ್’ ಶಬ್ದಕ್ಕೆ ಸಾಕ್ಷಾತ್ ದಾಯಾದಿ. ಗ್ರೀಕರ ‘ಹೇಪಾರ್’, ಪಾರಸಿಗಳ ‘ಜಿಗರ್’ ಸಹ ಅದೇ ಮನೆತನದವು. ಸಂಶಯಾತ್ಮರಿಗೆ ವಿಭಕ್ತಿಯೇ ಪ್ರಮಾಣ: ಸಂಸ್ಕೃತದ ‘ಯಕೃತ್’ ಷಷ್ಠಿಗೆ ಬಂದೊಡನೆ ರಕಾರವನ್ನು ತೊರೆದು ನಕಾರವನ್ನು ಬರಮಾಡಿಕೊಂಡು ‘ಯಕ್ನಃ’ ಎಂದಾಗುವಂತೆ, ಲ್ಯಾಟಿನಿನ ‘ಯೆಕುರ್’ ಕೂಡ ಷಷ್ಠಿಯಲ್ಲಿ ಅದೇ ನಕಾರವನ್ನು ಹೊಟ್ಟೆಯೊಳಗಿಟ್ಟುಕೊಂಡು ‘ಯೆಕಿನೋರಿಸ್’ ಎಂದಾಗಬಲ್ಲುದು. ಇಂಥ ವಿಲಕ್ಷಣವಾದ ಚಾಳಿಯನ್ನು ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯಲಾರರು. ಅದು ಹುಟ್ಟಿನಿಂದಲೇ ಬರಬೇಕು.

ಇಷ್ಟು ಕುಲೀನವಾದ ಶಬ್ದವು ತನ್ನ ಮನೆಯಲ್ಲಿಯೇ ಪದಚ್ಯುತವಾದದ್ದು ರೋಮಿನ ಅಡುಗೆಯವರಿಂದ. ಬಿಳಿಯ ಹೆಬ್ಬಾತಿಗೆ ಅಂಜೂರವನ್ನು ತಿನ್ನಿಸಿ ಅದರ ಯಕೃತ್ತನ್ನು ಕೊಬ್ಬಿಸಿದ ಭೋಜನವನ್ನು ಕವಿ ಹೋರೇಸನು ಬಣ್ಣಿಸಿರುವನು; ಅಪಿಸಿಯಸ್ ಎಂಬ ಭೋಜನಪ್ರಿಯನು ಅದೇ ಉಪಚಾರವನ್ನು ಹಂದಿಗೂ ವಿಸ್ತರಿಸಿ, ಒಣ ಅಂಜೂರದಿಂದ ತೃಪ್ತಿಪಡಿಸಿ, ಜೇನು ಬೆರೆಸಿದ ದ್ರಾಕ್ಷಾಮದ್ಯವನ್ನು ಕುಡಿಸಿ, ಥಟ್ಟನೆ ಸ್ವರ್ಗಕ್ಕೆ ಕಳುಹಿಸುತ್ತಿದ್ದನೆಂದು ಪ್ಲೀನಿಯು ಮೊದಲನೆಯ ಶತಮಾನದಲ್ಲಿ ಬರೆದಿಟ್ಟಿರುವನು. ‘ಫೀಕುಸ್’ ಎಂದರೆ ಅಂಜೂರ. ಆದ್ದರಿಂದ ಆ ಭಕ್ಷ್ಯವು ‘ಯೆಕುರ್ ಫಿಕಾತುಮ್’, ಅಂದರೆ ಅಂಜೂರಪುಷ್ಟವಾದ ಯಕೃತ್ತು, ಎನಿಸಿತು. ಹಸಿದವರಿಗೆ ಎರಡು ಪದಗಳಷ್ಟು ವ್ಯವಧಾನವೆಲ್ಲಿಯದು? ಕಾಲಕ್ರಮದಲ್ಲಿ ವಿಶೇಷ್ಯವು ಬಿದ್ದುಹೋಗಿ ವಿಶೇಷಣವೊಂದೇ ಉಳಿಯಿತು. ಕಡೆಗೆ ಜನ್ಮದಲ್ಲಿ ಒಮ್ಮೆಯೂ ಅಂಜೂರವನ್ನು ಕಾಣದ ಬಡ ರೈತನ ಯಕೃತ್ತಿಗೂ ‘ಅಂಜೂರಪುಷ್ಟ’ವೆಂಬ ಬಿರುದು ಪ್ರಾಪ್ತವಾಯಿತು. ಗ್ರೀಕರೂ ಹೀಗೆಯೇ ತಮ್ಮ ‘ಹೇಪಾರ್’ ಶಬ್ದವನ್ನು ವೈದ್ಯರಿಗೊಪ್ಪಿಸಿ, ಅಂಜೂರವಾಚಕವಾದ ‘ಸೀಕೋನ್’ನಿಂದ ಹುಟ್ಟಿದ ‘ಸಿಕೋತಿ’ಯನ್ನು ಅಡುಗೆಮನೆಗೆ ಇಟ್ಟುಕೊಂಡರು.

ಲ್ಯಾಟಿನಿನ ಮಕ್ಕಳು ಈ ಆಸ್ತಿಯನ್ನು ಹಂಚಿಕೊಂಡ ಬಗೆಯು ವಿಚಾರಣೀಯವಾದುದು. ರೊಮೇನಿಯದವರು ಸ್ವರಾಘಾತವನ್ನು ವ್ಯಾಕರಣವು ಇಟ್ಟ ಸ್ಥಾನದಲ್ಲಿಯೇ ಉಳಿಸಿ ‘ಫಿಕಾತ್’ ಎಂದರು. ಇಟಲಿಯವರ ‘ಫೇಗತೊ’, ಪೋರ್ಚುಗೀಸರ ‘ಫೀಗದು’ಗಳಲ್ಲಿ ಅದು ಮೊದಲನೆಯ ಅಕ್ಷರಕ್ಕೆ ಜಿಗಿಯಿತು. ಇದು ಗ್ರೀಕರ ಪ್ರಭಾವವೆಂದು ಪಂಡಿತರೆನ್ನುವರು. ಬಾಯಲ್ಲಿ ನೀರೂರಿದವನು ಎರಡನೆಯ ಅಕ್ಷರದವರೆಗೆ ಕಾಯಲಾರನೆಂಬುದೇ ನಮ್ಮ ಸಿದ್ಧಾಂತ. ಸ್ಪೇನಿನವರು ಫಕಾರವನ್ನು ಹಕಾರವಾಗಿಸಿ, ಆ ಹಕಾರವನ್ನು ಬರೆದೂ ಉಚ್ಚರಿಸದೆ ‘ಈಗದೊ’ ಎಂದರು. ಫ್ರೆಂಚರಾದರೋ ಎಲ್ಲವನ್ನೂ ಅಗಿದು ನುಂಗಿ ‘ಫ್ವಾ’ ಎಂಬ ಒಂದು ಉಸಿರನ್ನು ಮಾತ್ರ ಉಳಿಸಿದರು. ಶ್ರದ್ಧೆ, ಬಾರಿ, ಪಿರನೀಸ್ ಪರ್ವತದ ತಪ್ಪಲಿನ ಒಂದು ಊರು, ಇವೆಲ್ಲಕ್ಕೂ ಅವರಲ್ಲಿ ಇದೇ ಉಚ್ಚಾರಣೆಯಿರುವುದರಿಂದ ಅಲ್ಲಿನ ನಾಸ್ತಿಕನೂ ಮಾಂಸದಂಗಡಿಯ ಮುಂದೆ ನಿಂತು ದಿನಕ್ಕೊಮ್ಮೆಯಾದರೂ ಶ್ರದ್ಧೆಯನ್ನು ಕೇಳಿ ಪಡೆಯುವನು. ಅವರ ಸುಪ್ರಸಿದ್ಧವಾದ ‘ಫ್ವಾ ಗ್ರಾ’ಕ್ಕಾಗಿ ಇಂದು ಬಾತುಗಳಿಗೆ ತಿನ್ನಿಸುವುದು ಮೆಕ್ಕೆಜೋಳವನ್ನು. ಹೀಗೆ ಅಂಜೂರವು ತಟ್ಟೆಯಲ್ಲಿಲ್ಲ, ಹೆಸರಿನಲ್ಲಿದೆ. ಯಕೃತ್ತು ಹೆಸರಿನಲ್ಲಿಲ್ಲ, ತಟ್ಟೆಯಲ್ಲಿದೆ.

ಇನ್ನು ಅರ್ಥವಿಚಾರ. ಇಟಲಿಯಲ್ಲಿ ‘ಯಕೃತ್ತುಳ್ಳವನು’ ಎಂದರೆ ಧೈರ್ಯಶಾಲಿ. ಫ್ರಾನ್ಸಿನಲ್ಲಿ ‘ಯಕೃತ್ತುಗಳುಳ್ಳವನು’ ಎಂದರೆ ಹೇಡಿ. ಪೋರ್ಚುಗಲ್ಲಿನಲ್ಲಿ ‘ಯಕೃದ್ವೈರಿ’ಯು ಬದ್ಧದ್ವೇಷಿ. ಒಂದೇ ಅವಯವವು ಆಲ್ಪ್ಸ್ ಪರ್ವತವನ್ನು ದಾಟುವಷ್ಟರಲ್ಲಿ ಧೈರ್ಯಗೆಡುವುದೇಕೆಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಸಮಾಧಾನವು ಸುಲಭ: ಇಟಲಿಯ ಪ್ರಯೋಗವು ಏಕವಚನ, ಫ್ರಾನ್ಸಿನದು ಬಹುವಚನ, ದೇಹದೊಳಗೆ ಯಕೃತ್ತು ಒಂದೇ ಇರುವುದು ಸಹಜ, ಒಂದಕ್ಕಿಂತ ಹೆಚ್ಚಿದೆಯೆಂದು ವೈದ್ಯನು ತಿಳಿಸಿದರೆ ಯಾವನೂ ಹೆದರುವನು. ಹಿಂದಿಯವರೂ ‘ಕಲೇಜಾ’ದಲ್ಲಿಯೇ ಪರಾಕ್ರಮವನ್ನು ಕಂಡರು. ಕನ್ನಡಿಗರು ಮಾತ್ರ ಧೈರ್ಯವನ್ನು ಗುಂಡಿಗೆಗೆ ಹಸ್ತಾಂತರಿಸಿ, ಯಕೃತ್ತಿಗೆ ಬರಿಯ ಪಿತ್ತವನ್ನು ಬಿಟ್ಟುಕೊಟ್ಟರು. ಆ ಪಿತ್ತವು ಅವಮಾನವನ್ನು ತಾಳಲಾರದೆ ಆಗಾಗ ನೆತ್ತಿಗೇರುವುದು.

ವಿಶೇಷಣವು ವಿಶೇಷ್ಯವನ್ನು ನುಂಗುವುದು ಪರದೇಶದ ಹೀನಾಚಾರವೆಂದು ಮೂಗು ಮುರಿಯುವವರು ಯಾವುದಾದರೂ ಬೆಂಗಳೂರಿನ ಹೋಟೆಲಿಗೆ ಬೆಳಗ್ಗೆ ದಯಮಾಡಿಸಬೇಕು. ಅಲ್ಲಿ ಮಾಣಿಯು ಒಳಗೆ ತಿರುಗಿ, “ಎರಡು ಮಸಾಲೆ, ಒಂದು ಸೆಟ್, ಒಂದು ಖಾಲಿ!” ಎಂದು ಘೋಷಿಸುವನು, ದೋಸೆಯೆಂಬ ಶಬ್ದವನ್ನು ಅವನೂ ನುಡಿಯನು, ಭಟ್ಟನೂ ನಿರೀಕ್ಷಿಸನು, ಗಿರಾಕಿಯೂ ಅದರ ವಿರಹದಿಂದ ಬಳಲನು. ರೋಮಿನಲ್ಲಿ ನಡೆದದ್ದೇ ಇಲ್ಲಿಯೂ ನಡೆದುದಾದರೆ, ಮುಂದೊಂದು ಯುಗದಲ್ಲಿ ದೋಸೆಯೆಂಬುದು ನಿಘಂಟಿನ ಪಳೆಯುಳಿಕೆಯಾಗಿ, ‘ಖಾಲಿ’ಯೇ ಆ ಭಕ್ಷ್ಯದ ನಾಮಧೇಯವಾಗಿ ನಿಲ್ಲುವುದು ನಿಶ್ಚಯ. ಆಗ ನಮ್ಮಂಥ ಸೂಕ್ಷ್ಮಮತಿಯಾದ ಸಂಶೋಧಕನೊಬ್ಬನು ಹುಟ್ಟಿ, ಕರ್ಣಾಟಕದ ಪ್ರಾಚೀನರು ಪ್ರಾತಃಕಾಲದಲ್ಲಿ ಶೂನ್ಯವನ್ನು ಕಾಯಿಚಟ್ನಿಯೊಡನೆ ಭುಂಜಿಸುತ್ತಿದ್ದರೆಂದೂ, ಇದು ಅಲ್ಲಮಪ್ರಭುವಿನ ತತ್ತ್ವವು ಜನಜೀವನದಲ್ಲಿ ಎಷ್ಟು ಆಳವಾಗಿ ಇಳಿದಿತ್ತೆಂಬುದಕ್ಕೆ ನಿದರ್ಶನವೆಂದೂ, ಒಂದೊಂದು ಸಲ ಎರಡೆರಡು ಶೂನ್ಯಗಳನ್ನು ತರಿಸಿಕೊಂಡವರೂ ಉಂಟೆಂದೂ, ಸಪ್ರಮಾಣವಾಗಿ ಸ್ಥಾಪಿಸುವನು.