ಜಾಗ್ವಾರಿಗೆ ತೆರಕಣಾಂಬಿ ಮದ್ದು

ಜಾಗ್ವಾರ್ ಎಕ್ಸ್‌ಜೆ-ಎಸ್ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1975ರಿಂದ 1996ರವರೆಗೆ ತಯಾರಾದ ಎರಡು ಬಾಗಿಲಿನ ಐಷಾರಾಮಿ ಕಾರು. ಇಬ್ಬರು ಹಾಯಾಗಿ ಕೂತು ದಣಿವಿಲ್ಲದೆ ದೂರದೂರಿಗೆ ಧಾವಿಸಲೆಂದು ಮಾಡಿದ ಇಂಥ ಕಾರುಗಳಿಗೆ ಗ್ರ್ಯಾಂಡ್ ಟೂರರ್ ಎಂದು ಹೆಸರು. ಹಿಂದೆ ಇನ್ನೆರಡು ಸೀಟುಗಳಿವೆ. ಅವು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಮೈಸೂರು ಸೀಮೆಯಲ್ಲಿ ಇಂಥ ಕಾರಿಗೆ ಹೇಳಿಮಾಡಿಸಿದ ದಾರಿಯೆಂದರೆ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ಹಾದು ಊಟಿಗೆ ಹೋಗುವುದು. ಮೈಸೂರು ಅರಸರ ಬೇಸಿಗೆಯ ಬಿಡಾರವಾಗಿದ್ದ ಫರ್ನ್‌ಹಿಲ್ ಅರಮನೆ ಇರುವುದೂ ಊಟಿಯಲ್ಲೇ. ಮೆಕ್ಯಾನಿಕ್ ಮಾದಪ್ಪನ ಶೆಡ್ ಇರುವ ತೆರಕಣಾಂಬಿ ಆ ದಾರಿಯಲ್ಲಿಲ್ಲ. ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಕಡೆ ತಿರುಗಬೇಕು. ಹಾಗಾಗಿ 1976ರ ಮಾಡಲಿನ ಎಕ್ಸ್‌ಜೆ-ಎಸ್ ಒಂದು ಮಾದಪ್ಪನ ಶೆಡ್ಡಿಗೆ ಬಂದದ್ದು ತಾನಾಗಿ ಅಲ್ಲ, ಲಾರಿಯ ಮೇಲೆ. ಮಾದಪ್ಪ ಅಂಬಾಸಡರ್ ಕಾಲದ ಮೇಸ್ತ್ರಿ. ಕೆಟ್ಟ ಟಿಲ್ಲರು ತಂದು ಬೆಳಿಗ್ಗೆಯಿಂದ ಕಾದು ಕೂತಿದ್ದ ಚೆಂಡುಹೂವಿನ ಬೆಳೆಗಾರ ಶಿವಣ್ಣ ಅವನ ಅಕ್ಕನ ಗಂಡ.

ಶಿವಣ್ಣ: ಯಾವ ಕಂಪ್ನಿದ್ಲಾ ಮಾದ? ಮೂತಿ ಇಷ್ಟುದ್ದ ಅದ!

ಮಾದಪ್ಪ: ಜಾಗ್ವಾರು ಕನಾ ಬಾವ. ಈಗ ಟಾಟಾದವ್ರ ಕೈಲದ.

ಶಿವಣ್ಣ: ಟಾಟಾದಾ? ಅಂಗಾದ್ರ ಯಾಕ್ಲಾ ಚಿಂತ? ಹೂ ಹೊರೋ ಟಾಟಾ ಏಸ್ ಅಲ್ಲೇ ನಿಂತದ. ಬೇಕಾದ್ದ ಬಿಚ್ಕೊ.

ಮಾದಪ್ಪ: ಯಜಮಾನ್ರು ಬದ್ಲಾದ್ರ ಬೋಲ್ಟೂ ಬದ್ಲಾದದಾ ಬಾವ?

ಮಾದಪ್ಪನ ಮಾತು ಸರಿ. ಟಾಟಾ ಮೋಟಾರ್ಸ್ ಜಾಗ್ವಾರನ್ನು ಫೋರ್ಡಿನಿಂದ ಕೊಂಡದ್ದು 2008ರಲ್ಲಿ; ಅಷ್ಟರಲ್ಲಿ ಎಕ್ಸ್‌ಜೆ-ಎಸ್ ತಯಾರಿಕೆ ನಿಂತು 12 ವರ್ಷವಾಗಿತ್ತು. ಬಿಡಿಭಾಗ ಬೇಕೆಂದರೆ ಈಗಲೂ ಇಂಗ್ಲೆಂಡಿನ ಕಡೆಗೇ ನೋಡಬೇಕು. ಆದರೆ ಒಂದು ವಿಷಯದಲ್ಲಿ ತೆರಕಣಾಂಬಿ ಬೆಂಗಳೂರಿನ ಹೊಸ ಶೋರೂಮುಗಳಿಗಿಂತ ಮುಂದಿತ್ತು. ಈ ಕಾರಿನ ನಟ್ಟು-ಬೋಲ್ಟುಗಳು ಹೆಚ್ಚಾಗಿ ಅಂಗುಲದ ಅಳತೆಯವು. ಅಂಬಾಸಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಆದ್ದರಿಂದ ಅದರದೂ ಅಂಗುಲವೇ. ಅರ್ಧ ಅಂಗುಲದ ಬೋಲ್ಟ್ ತಲೆಗೆ 13 ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಕೂತಂತೆ ಕಾಣುತ್ತದೆ, ಜೋರು ಕೊಟ್ಟೊಡನೆ ಮೂಲೆಗಳನ್ನು ಸವೆಸುತ್ತದೆ. ಹಿಂದಿನ ಮೆಕ್ಯಾನಿಕ್ಕುಗಳು ಹೀಗೆ ಸವೆಸಿಟ್ಟ ತಲೆಗಳನ್ನು ಬಿಚ್ಚುವುದರಲ್ಲೇ ಹಳೆಯ ಕಾರಿನ ರಿಪೇರಿಯ ಅರ್ಧ ಹೊತ್ತು ಹೋಗುತ್ತದೆ.

ಬೋಲ್ಟುಗಳಾದ ಮೇಲೆ ಎರಡನೆಯ ಕೆಲಸ ಪೆಟ್ರೋಲಿನದು. ಬಹುಕಾಲ ನಿಂತ ಕಾರಿಗೆ ಬ್ಯಾಟರಿ ಹಾಕಿ ಕೂಡಲೇ ಸೆಲ್ಫ್ ಹೊಡೆಯಬಾರದು. ಟ್ಯಾಂಕಿನ ಹಳೆಯ ಪೆಟ್ರೋಲ್ ಇಳಿಸಬೇಕು, ಪ್ಲಗ್ಗು ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಎಂಜಿನನ್ನು ಕೈಯಲ್ಲಿ ತಿರುಗಿಸಿ ನೋಡಬೇಕು.

ಶಿವಣ್ಣ: ಪ್ಲಗ್ಗು ಎಷ್ಟ್ಲಾ?

ಮಾದಪ್ಪ: ಅನ್ನೆರಡು.

ಶಿವಣ್ಣ: ಒಂದ್ ಗಾಡಿಗಾ? ನನ್ ಟಿಲ್ಲರ್ಗ ಇರಾದೇ ಒಂದು ಸಿಲಿಂಡರು, ಅದೂ ನಿನ್ನ ಬಾಗ್ಲಲ್ಲಿ ಕೂತದ. ಅನ್ನೆರಡ್ನೂ ಬಿಚ್ಚೋದು ಯಾವತ್ಗ?

ಮಾದಪ್ಪ: ಅತ್ತು ಬಿಚ್ಬುಟ್ಟಿ. ಮುಂದಲ ಎರಡು ಏಸಿ ಕಂಪ್ರೆಸರ್ ಕೆಳಗ ಅಡಿಕ್ಕಂಡವ.

ಶಿವಣ್ಣ: ಸಾಲದವ್ರು ಬಂದವ್ರೇನೋ ಅಂತ ಅಡಿಕ್ಕಂಡಿರ್ತವ ಬುಡು.

ವಿ ಆಕಾರದಲ್ಲಿ ಆರಾರು ಸಿಲಿಂಡರುಗಳ ಎರಡು ಸಾಲು, ಒಟ್ಟು 5343 ಸಿಸಿ. ಆ ಎರಡು ಸಾಲಿನ ನಡುವಿನ ಕಣಿವೆಯೇ ಈ ಎಂಜಿನ್ನಿನ ಆಯಕಟ್ಟಿನ ಜಾಗ. ಏಸಿ ಕಂಪ್ರೆಸರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಕೊಳವೆಗಳು ಎಲ್ಲವೂ ಅಲ್ಲೇ ಇಕ್ಕಟ್ಟಿನಲ್ಲಿವೆ. ಬಿಸಿಗೆ ಬೆಂದು ಬಿರುಕುಬಿಟ್ಟ ರಬ್ಬರ್ ಕೊಳವೆಯಿಂದ ಪೆಟ್ರೋಲ್ ಜಿನುಗಿದರೆ ಅದು ಬೀಳುವುದು ಕಾದ ಎಂಜಿನ್ನಿನ ಮೇಲೆ. ಈ ಮಾಡಲಿನ ಕಾರುಗಳಿಗೆ ಬೆಂಕಿ ಬಿದ್ದದ್ದಕ್ಕೆ ಇದೊಂದು ಮುಖ್ಯ ಕಾರಣ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 1976ರ ರಬ್ಬರಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ಕೊಳವೆ ಚೆನ್ನಾಗಿ ಕಂಡರೂ ಒಂದನ್ನೂ ಬಿಡದೆ, ಇಂಜೆಕ್ಷನ್ ಒತ್ತಡಕ್ಕೆ ತಡೆಯುವ ಹೊಸ ಕೊಳವೆ ಹಾಕುವುದೇ ಸರಿ. ಇಲ್ಲಿ ಉಳಿತಾಯ ಮಾಡುವ ಮಾಲೀಕ ಕಾರನ್ನೇ ಕಳೆದುಕೊಳ್ಳುತ್ತಾನೆ.

ಅದೇ ಕಣಿವೆಯಲ್ಲಿ, ಆ ಮೊದಮೊದಲ ಕಾರುಗಳಲ್ಲಿ, ಲೂಕಾಸ್ ಕಂಪನಿಯ ಇಗ್ನಿಷನ್ ಆಂಪ್ಲಿಫೈಯರ್ ಪೆಟ್ಟಿಗೆಯೂ ಇತ್ತು. ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಭಾಗ ಅದು. ಎಂಜಿನ್ ಕಾದಾಗ ಅದೂ ಕಾದು ಕೈಕೊಡುತ್ತದೆ, ತಣ್ಣಗಾದ ಮೇಲೆ ಏನೂ ಆಗದಂತೆ ಕೆಲಸ ಮಾಡುತ್ತದೆ.

ಶಿವಣ್ಣ: ಅಲ್ಲಿಗ್ಯಾಕ್ಲಾ ಮಡಗುದ್ರು? ಇಂಗ್ಲೆಂಡಿನ ಚಳೀಲಿ ಅದು ಬೆಚ್ಗಿರ್ಲಿ ಅಂತಾನಾ?

ಮಾದಪ್ಪ: ಆಮ್ಯಾಲ ಅವ್ರಿಗೇ ಬುದ್ಧಿ ಬಂದು ತಣ್ಣಗಿರೋ ಜಾಗಕ್ಕ ಸರ್ಸುದ್ರು. ನಾನೂ ಅದ್ನೇ ಮಾಡ್ತಿನಿ.

ಶಿವಣ್ಣ: ಲೂಕಾಸು ಅಂದ್ರ ಮದ್ರಾಸಿನ ಲೂಕಾಸ್-ಟಿವಿಎಸ್ಸಾ?

ಮಾದಪ್ಪ: ಇದು ಅದ್ರ ಇಂಗ್ಲೆಂಡಿನ ದೊಡ್ಡಪ್ಪ. ಅಂಬಾಸಡರ್ಗ ಇದ್ದುದ್ದು ಮದ್ರಾಸಿಂದು. ಹೊಗಳ್ಬೇಕು ಅಂದ್ರ ಮದ್ರಾಸಿನವ್ರನ್ನೇ ಹೊಗಳು.

ಇನ್ನು ನೀರು. ಈ ಕಾರಿನ ಆಯಸ್ಸು ನಿಂತಿರುವುದೇ ಇದರ ಮೇಲೆ. ಎಂಜಿನ್ನಿನ ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ, ಒಳಗಿನ ಲೈನರುಗಳು ಕಬ್ಬಿಣ. ತುಕ್ಕು ತಡೆಯುವ ಕೂಲೆಂಟ್ ಇಲ್ಲದೆ ಬರಿ ನೀರು ತುಂಬಿದರೆ ಲೋಹ ಒಳಗಿಂದಲೇ ತಿಂದುಹೋಗುತ್ತದೆ. ಹಾಗೆ ಕಳಚಿದ ಚೂರುಗಳು ರೇಡಿಯೇಟರಿನ ಕೆಳಗಿನ ಸಾಲುಗಳಲ್ಲಿ ಕಟ್ಟಿಕೊಳ್ಳುತ್ತವೆ. ಒಮ್ಮೆ ಅತಿಯಾಗಿ ಕಾದರೆ ವಾಲ್ವಿನ ಸೀಟು ಕಳಚಿ ಬೀಳುವುದುಂಟು. ಆಗ ಹೆಡ್ ಎತ್ತಬೇಕು. ತುಕ್ಕು ಹಿಡಿದ ಸ್ಟಡ್ಡುಗಳು ಹೆಡ್ಡನ್ನು ಬಿಟ್ಟುಕೊಡುವುದಿಲ್ಲ.

ಶಿವಣ್ಣ: ನೀರಿಗ್ಯಾಕ ಇಷ್ಟ್ ಮಾತು? ಬೋರ್ ಆನ್ ಮಾಡ್ತಿನಿ, ಪೈಪ್ ಇಕ್ಕು. ನಾವೇ ಕುಡಿಯಕಿಲ್ವಾ?

ಮಾದಪ್ಪ: ಅಕ್ಕ ನೀರ್ ಕಾಸೋ ಹಂಡೆಯೊಳಗ ಒಂದಪ ಕೈ ಆಡ್ಸು ಬಾವ. ಸುಣ್ಣ ಎಷ್ಟ್ ದಪ್ಪ ಕೂತದ ನೋಡು. ಇದರೊಳಗೂ ಅಂಗೇ ಕೂತ್ಕತದ.

ಶಿವಣ್ಣ: ಅಂದ್ರ ನಾ ಮಾತ್ರ ಆ ನೀರ್ ಕುಡೀಬೋದು!

ಮಾದಪ್ಪ: ನಿನ್ನ ಬಿಡಿಭಾಗವ ಇಂಗ್ಲೆಂಡಿಂದ ತರ್ಸಂಗಿಲ್ವಲ್ಲ.

ಆದ್ದರಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರು, ಅದಕ್ಕೆ ಸರಿಯಾದ ಕೂಲೆಂಟ್, ಒಟ್ಟು ಸುಮಾರು 20 ಲೀಟರ್ ಬೇಕು. ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಟ್ಟು ಒಳಗಿನ ಗಾಳಿ ಹೊರಬೀಳುವಂತೆ ನೋಡಿಕೊಳ್ಳಬೇಕು. ಗಾಳಿ ಸಿಕ್ಕಿಕೊಂಡರೆ ಎಂಜಿನ್ ಕಾಯುತ್ತಿದ್ದರೂ ಮೀಟರಿನ ಮುಳ್ಳು ಅದನ್ನು ಹೇಳದೆ ಇರಬಹುದು. ಏಸಿಯ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸೇರಿದ ಎಲೆ, ಹುಳು, ಧೂಳು ತೆಗೆಯುವುದೂ ಇದೇ ಹೊತ್ತಿನ ಕೆಲಸ. ಎಂಜಿನ್ ಆಯಿಲ್ ಸುಮಾರು 10 ಲೀಟರ್. ಹಿಂಭಾಗದ ಸೀಲಿನಿಂದ ಅದು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಆ ಸೀಲು ಬದಲಿಸಬೇಕೆಂದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಮಾದಪ್ಪ ಕೆಳಗೊಂದು ಹಳೆಯ ತಟ್ಟೆ ಇಟ್ಟ. ಹನಿಯ ಲೆಕ್ಕದಲ್ಲಿರುವವರೆಗೆ ಈ ಚಿಕಿತ್ಸೆ ಸಾಕು.

ಕೊನೆಯದು ಬ್ರೇಕು.

ಶಿವಣ್ಣ: ಹಿಂದಲ ಚಕ್ರ ಬಿಚ್ದೆ. ಒಳಗ ಬ್ರೇಕೇ ಇಲ್ವಲ್ಲಲಾ! ಯಾವನೋ ಕದ್ದವ್ನ.

ಮಾದಪ್ಪ: ಕದ್ದಿಲ್ಲ. ಮಧ್ಯ ಡಿಫರೆನ್ಶಿಯಲ್ ಪಕ್ಕದಲ್ಲಿ ಕೂತವ.

ಶಿವಣ್ಣ: ಚಕ್ರ ಇಲ್ಲಿ, ಬ್ರೇಕ್ ಅಲ್ಲಿ? ಪಂಚಾಯ್ತಿ ಆಫೀಸ್ ಇಲ್ಲಿ, ಸೆಕ್ರೆಟ್ರಿ ಮೈಸೂರಲ್ಲಿ!

1993ರವರೆಗೆ ಎಕ್ಸ್‌ಜೆ-ಎಸ್‌ನ ಹಿಂದಿನ ಡಿಸ್ಕುಗಳು ಇದ್ದದ್ದು ಹೀಗೆಯೇ. ಚಕ್ರದ ಬಳಿಯ ಭಾರ ಇಳಿದು ಕಾರು ಮೆತ್ತಗೆ ಓಡಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರ, ಮತ್ತು ಓಡುವವರೆಗೆ ಆ ಲೆಕ್ಕ ಸರಿಯೇ. ತೊಂದರೆ ಬರುವುದು ರಿಪೇರಿಗೆ. ಪ್ಯಾಡನ್ನು ಕೆಳಗೆ ಮಲಗಿ ಹೇಗೋ ಬದಲಿಸಬಹುದು. ಡಿಸ್ಕ್ ಬದಲಿಸಬೇಕೆಂದರೆ ಸಾಮಾನ್ಯವಾಗಿ ಹಿಂದಿನ ಇಡೀ ಚೌಕಟ್ಟು ಇಳಿಸಬೇಕು. ಬ್ರೇಕಿನ ಬಿಸಿಗೆ ಪಕ್ಕದ ಡಿಫರೆನ್ಶಿಯಲ್ಲಿನ ಸೀಲುಗಳು ಬೆಂದು, ಎಣ್ಣೆ ಡಿಸ್ಕಿಗೇ ಹಾರುತ್ತದೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯಲ್ಲಿ 36 ಹಿಮ್ಮುರಿ ತಿರುವುಗಳಿವೆ. ಎಣ್ಣೆ ಕುಡಿದ ಬ್ರೇಕಿನಲ್ಲಿ ಅತ್ತ ತಲೆ ಹಾಕಬಾರದು.

ಶಿವಣ್ಣ: ಲೀಟರ್ಗ ಎಷ್ಟ್ ಕೊಡ್ತದ?

ಮಾದಪ್ಪ: ಐದು ಕಿಲೋಮೀಟ್ರು ಕೊಟ್ರ ದೊಡ್ದು.

ಶಿವಣ್ಣ: ಗುಂಡ್ಲುಪೇಟ್ಗ ಹೋಗ್ಬರಾಕ ಐದು ಲೀಟ್ರಾ! ಅಷ್ಟ್ ದುಡ್ಡಲ್ಲಿ ಮನಮಂದಿಯೆಲ್ಲ ಬಸ್ಸಲ್ಲಿ ಹೋಗಿ, ಊಟ ಮಾಡ್ಕಂಡು, ಸಂತ ಮುಗ್ಸ್ಕಂಡು ಬರ್ಬೋದು. ಅಲ್ಲಾ, ಐವತ್ತು ವರ್ಸದ ಗಾಡಿನ ರೋಡ್ನಲ್ಲಿ ಬುಟ್ಟಾರಾ?

ಬಿಡುತ್ತಾರೆ, ಷರತ್ತಿನ ಮೇಲೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯದ ಓಡಾಟ ಕೂಡದು. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಪೆಟ್ರೋಲ್ ತುಂಬಿಸುವುದು ಮತ್ತು ರಿಪೇರಿ, ಇವಕ್ಕೆ ಮಾತ್ರ ರಸ್ತೆಗಿಳಿಸಬಹುದು.

ಶಿವಣ್ಣ: ಅಂದ್ರ ಕೆಟ್ರ ಓಡಿಸ್ಬೋದು, ನೆಟ್ಗಿದ್ರ ನಿಲ್ಲಿಸ್ಬೇಕು?

ಮಾದಪ್ಪ: ಕಾನೂನು ಅಂಗಂತದ.

ಶಿವಣ್ಣ: ಅಂಗಾದ್ರ ಇದ್ರ ಯಜಮಾನ ಪುಣ್ಯವಂತ ಕನ್ಲಾ. ಇದು ದಿನಾ ಕೆಡೋ ಗಾಡಿ, ದಿನಾ ಓಡಿಸ್ಬೋದು! ಅದಿರ್ಲಿ, ನನ್ ಟಿಲ್ಲರ್ನೂ ಐವತ್ತು ವರ್ಸ ತುಂಬುದ್ ಮ್ಯಾಲ ಮುಟ್ಟಿಯಾ?

ಟಿಲ್ಲರಿನ ಇಂಜೆಕ್ಟರ್ ತೊಳೆದು ಕೂರಿಸುವ ಕೆಲಸ ಸಂಜೆಯೊಳಗೆ ಮುಗಿಯಿತು. ಕಾರಿನ ಕೆಲಸ ಇಂಗ್ಲೆಂಡಿನಿಂದ ಡಿಫರೆನ್ಶಿಯಲ್ಲಿನ ಸೀಲು ಬರುವವರೆಗೆ ನಿಂತಿತು. ಇಂಥ ಕಾರು ಕೊಳ್ಳುವ ಆಸೆಯಿರುವವರು ಕಾರಿನ ಬೆಲೆಯಷ್ಟೇ ದುಡ್ಡನ್ನು ಕೊಳವೆ, ಕೂಲೆಂಟ್, ಸೀಲುಗಳಿಗೆಂದು ಬೇರೆ ತೆಗೆದಿಟ್ಟು ಮುಂದುವರಿಯಬೇಕು. ನೋಡುವ ಆಸೆ ಮಾತ್ರ ಇರುವವರಿಗೆ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹಾಲಯ ‘ಪಯಣ’ ಇದೆ. ಅಲ್ಲಿಗೆ ತೆರಕಣಾಂಬಿಯಿಂದ ಬಸ್ಸಿನಲ್ಲೇ ಹೋಗಿಬರಬಹುದು.