ಮೇಜಿನ ಕೆಳಗಿನ ಯಂತ್ರ: ಬಳಕೆದಾರರ ಕೈಪಿಡಿ

ಪೌತಿ ಖಾತೆ ಮಾಡಿಸಲು ಹೊರಟಿರುವ ಶರಣಸಿರಸಗಿಯ ರೈತರಿಗೆ ಸ್ವಾಗತ. ತೀರಿಹೋದ ಅಪ್ಪನ ಹೆಸರು ಪಹಣಿಯಿಂದ ಇಳಿಸಿ ನಿಮ್ಮ ಹೆಸರು ಏರಿಸುವ ಈ ಯಂತ್ರ ಕಲಬುರಗಿ, ಕಮಲಾಪುರವೆಂಬ ಭೇದವಿಲ್ಲದೆ ಎಲ್ಲ ಕಡೆ ಒಂದೇ ತೆರನಾಗಿ ಓಡುತ್ತದೆ.

ಬಿಡಿಭಾಗಗಳು: ಒಂದು ಮೇಜು, ಒಂದು ಕಂಪ್ಯೂಟರು, ಹೊರಗೊಂದು ಚಹಾದಂಗಡಿ, ಅಲ್ಲೊಬ್ಬ ದಲಾಲಿ. ಕೊನೆಯದು ಸರಕಾರದ ಪಟ್ಟಿಯಲ್ಲಿಲ್ಲ. ಅವನಿಲ್ಲದೆ ಯಂತ್ರ ಮಿಸುಕುವುದೂ ಇಲ್ಲ.

ಚಾಲೂ ಮಾಡುವುದು: ಅರ್ಜಿ ಚಾಚಿದೊಡನೆ ಯಂತ್ರ ಮಾತಾಡುತ್ತದೆ. “ಸರ್ವರ್ ಡೌನ್ ಅದ, ನಾಳಿ ಬರ್ರಿ.” ಮರುದಿನ, “ಸಾಹೇಬ್ರು ಮೀಟಿಂಗಿಗಿ ಹೋಗ್ಯಾರ.” ಮೂರನೇ ಸಲ, “ಫೈಲ್ ಮ್ಯಾಲ ಹೋಗ್ಯಾದ.” ಎಲ್ಲಿ ಮೇಲೆ ಎಂದು ಕೇಳಬೇಡಿ, ಕಚೇರಿಗೆ ಇರುವುದೇ ಒಂದು ಅಂತಸ್ತು. ಹೊಲದಲ್ಲಿ ತೊಗರಿ ರಾಶಿ ನಿಂತಿರುತ್ತದೆ, ನೀವು ಇಲ್ಲಿ ಬೆಂಚಿನ ಮೇಲೆ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ, ಬಸ್ ಚಾರ್ಜು, ಜೆರಾಕ್ಸು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆ ಸಾಲ ಹುಟ್ಟುವುದಿಲ್ಲ. ಐದನೇ ಸಲ ದಲಾಲಿ ಹೇಳುವ ‘ಚಾ-ಪಾನಿ’ಯ ದರ ಅಗ್ಗವೆನಿಸುತ್ತದೆ. ಯಂತ್ರದ ಜಾಣತನವೆಲ್ಲ ಇರುವುದು ಇಲ್ಲೇ: ಅದು ಮೊದಲು ಮಾರುವುದು ಬೇಸರವನ್ನು.

ದೊಡ್ಡ ಮಾದರಿಯೂ ಉಂಟು. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತು. ಖಾಲಿ ಬಿಟ್ಟ ಓಎಂಆರ್ ಹಾಳೆ ಆಮೇಲೆ ತುಂಬಿತೆಂಬ ಆರೋಪದಲ್ಲಿ ಮೊದಲು ಕೇಳಿಬಂದದ್ದು ನಮ್ಮ ಕಲಬುರಗಿಯದೇ ಒಂದು ಕೇಂದ್ರ. ಸಿಐಡಿ ಬಂತು, ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಓದಿ ಬರೆದ ಹುಡುಗರ ಎರಡು ವರ್ಷವನ್ನು ಯಾವ ಮಹಜರಿನಲ್ಲೂ ಬರೆದಿಲ್ಲ.

ಯಂತ್ರ ಕೆಡಿಸುವ ಬಗೆ: ಇದಕ್ಕೆ ಕಾಗದ ಆಗಿಬರುವುದಿಲ್ಲ. ಗಡುವಿನೊಳಗೆ ಕೆಲಸ ಮುಗಿಸಬೇಕೆನ್ನುವ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಮೊತ್ತ ನಗೆ ತರಿಸುವಂಥದ್ದೇ, ಆದರೆ ಅದು ಸಾಹೇಬರ ಕಿಸೆಯಿಂದ ಬರುವುದು ನೆನಪಿರಲಿ. ಮುಂದಿನದು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ನನ್ನ ಫೈಲು ಯಾವ ದಿನ ಯಾರ ಮೇಜಿನ ಮೇಲಿತ್ತು ಎಂದಷ್ಟೇ ಕೇಳಿ. ಉತ್ತರಕ್ಕೆ 30 ದಿನದ ಗಡುವು. ಎಷ್ಟೋ ಸಲ ಉತ್ತರಕ್ಕಿಂತ ಮೊದಲು ಫೈಲೇ ‘ಮೇಲಿನಿಂದ’ ಇಳಿದುಬರುತ್ತದೆ.

ಇಷ್ಟಾದ ಮೇಲೂ ಲಂಚಕ್ಕೆ ಕೈ ಚಾಚಿದರೆ, ದುಡ್ಡು ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಲ್ಲಿಗೆ ಹೋಗಿ. (2016ರಲ್ಲಿ ಈ ಕೆಲಸವನ್ನು ಭ್ರಷ್ಟಾಚಾರ ನಿಗ್ರಹ ದಳವಾದ ಎಸಿಬಿಗೆ ಕೊಟ್ಟಿದ್ದರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನೇ ರದ್ದು ಮಾಡಿತು. ಸರ್ವಿಸ್ ಸೆಂಟರ್ ಈಗ ಹಳೆಯ ವಿಳಾಸದಲ್ಲೇ ಇದೆ.) ನಿಮ್ಮ ನೋಟಿನ ನಂಬರ್ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ಪುಡಿ ಕಣ್ಣಿಗೆ ಕಾಣದು. ನೋಟು ಎಣಿಸಿದ ಬೆರಳನ್ನು ಸೋಡಾ ನೀರಿನಲ್ಲಿ ಅದ್ದಿಸಿದಾಗ, ಪಂಚರ ಎದುರೇ, ಗಾಜಿನ ಲೋಟದ ನೀರು ಮದುವೆ ಮನೆಯ ಶರಬತ್ತಿನಂತೆ ಗುಲಾಬಿಯಾಗುತ್ತದೆ. ಆದರೆ ಬಣ್ಣವೊಂದೇ ಸಾಲದು. ಸಾಹೇಬರು ಲಂಚ ಕೇಳಿದ್ದೂ ಕೋರ್ಟಿನಲ್ಲಿ ರುಜುವಾತಾಗಬೇಕು. ಹಾಗಾಗಿ ಸಾಕ್ಷಿ ಹೇಳುವ ದಿನ ಊರಲ್ಲಿ ಜಾತ್ರೆಯಿದ್ದರೂ ಹೋಗಬೇಕು.

ಎಚ್ಚರಿಕೆ: ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ದೂರು ಕೊಡಲು ನಿಮಗಿರುವುದು 7 ದಿನ. ಆ ಗತಿ ಬಾರದಿರಲೆಂದೇ ಹೇಳುವುದು, ಸ್ವೀಕೃತಿ ಚೀಟಿ ಇಸಗೊಳ್ಳದೆ ಕೌಂಟರು ಬಿಟ್ಟು ಕದಲಬ್ಯಾಡ್ರಿ.